ಸಾಲು ಮರೆತ ಮೇಲೆ ಮತ್ತೆ ವೇದಿಕೆ ಹತ್ತುವುದು ಹೇಗೆ?

ಪ್ರಶ್ನೆ: ನನಗೆ 36 ವರ್ಷ, ಸುಗಮ ಸಂಗೀತ ಹಾಡುತ್ತೇನೆ. ಹಿಂದೊಮ್ಮೆ ತುಂಬಿದ ಸಭೆಯಲ್ಲಿ ಎರಡನೆಯ ಚರಣ ಮರೆತು ಹಾಡನ್ನು ಅರ್ಧಕ್ಕೇ ನಿಲ್ಲಿಸಿದೆ. ಅಂದಿನಿಂದ ವೇದಿಕೆಯೆಂದರೆ ಕೈಕಾಲು ತಣ್ಣಗಾಗುತ್ತವೆ. ನನ್ನ ಮೆಚ್ಚಿನ ಅಮೆರಿಕನ್ ಗಾಯಕಿ, ನಟಿ ಬಾರ್ಬ್ರಾ ಸ್ಟ್ರೈಸೆಂಡ್ ಕೂಡ ಸಾಲು ಮರೆತು 27 ವರ್ಷ ಸಭೆಗಳಿಂದ ದೂರವಿದ್ದರಂತೆ. ಈಗ ರಾಜ್ಯೋತ್ಸವಕ್ಕೆ ಹಾಡಲು ಕರೆದಿದ್ದಾರೆ, ಪತಿ ಒಪ್ಪಿಕೋ ಎನ್ನುತ್ತಿದ್ದಾರೆ. ಅಂಥವರಿಗೇ ಆಗದ್ದು ನನಗಾಗುವುದೇ? ಹಾಡುವುದನ್ನೇ ಬಿಡಲೇ?

ಉತ್ತರ: ಸೋದರಿ, ಬಿಡಬೇಡಿ. ನೀವು ಹೆಸರಿಸಿದ ಗಾಯಕಿಯ ಬದುಕನ್ನು ಪೂರ್ತಿಯಾಗಿ ನೋಡಿದರೆ ಅದು ನಿಮ್ಮ ಈ ಯೋಚನೆಯನ್ನು ಸಮರ್ಥಿಸುವುದಿಲ್ಲ. 1967ರ ಜೂನ್‌ನಲ್ಲಿ ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನರೆದುರು ಅವರು ಸಾಹಿತ್ಯ ಮರೆತದ್ದೂ ಆ ಭಯ ದಶಕಗಳ ಕಾಲ ಕಾಡಿದ್ದೂ ನಿಜ. ಆದರೆ 27 ವರ್ಷಗಳ ಲೆಕ್ಕ ಅಷ್ಟು ನಿಖರವಲ್ಲ: 1969ರಲ್ಲಿ ಲಾಸ್ ವೇಗಸ್‌ನ ಹೊಸ ಹೋಟೆಲೊಂದರ ಆರಂಭಕ್ಕೆ ಹಾಡಿದವರು ಅವರೇ, 1972ರಲ್ಲಿ ಅಮೆರಿಕದ ಅಧ್ಯಕ್ಷ ಪದವಿಗೆ ಸ್ಪರ್ಧಿಸಿದ್ದ ಜಾರ್ಜ್ ಮೆಕ್‌ಗವರ್ನ್ ಅವರ ಚುನಾವಣಾ ನಿಧಿಗಾಗಿ ಲಾಸ್ ಏಂಜಲೀಸ್‌ನಲ್ಲಿ ಹಾಡಿದರು, 1986ರಲ್ಲಿ ತಮ್ಮ ಮನೆಯಂಗಳಕ್ಕೇ ಅತಿಥಿಗಳನ್ನು ಕರೆದು ಹಾಡಿ ಇಂಥದೇ ನಿಧಿ ಕೂಡಿಸಿದರು. ಇದೇ ಅವಧಿಯಲ್ಲಿ ಸ್ಟುಡಿಯೋದಲ್ಲಿ ಹಾಡಿದರು, ಮೊದಲ ಚಿತ್ರದ ನಟನೆಗೂ ಮುಂದೆ ತಾವು ಸಂಯೋಜಿಸಿದ ಗೀತೆಗೂ ಆಸ್ಕರ್ ಪಡೆದರು, 1983ರಲ್ಲಿ ಚಿತ್ರವನ್ನೂ ನಿರ್ದೇಶಿಸಿದರು.

ಅವರು ಮರಳಿದ ರೀತಿಯೇ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುತ್ತದೆ. 1993ರ ಡಿಸೆಂಬರ್ 31ರಂದು ಲಾಸ್ ವೇಗಸ್‌ನಲ್ಲಿ ಹಾಡಿದಾಗ ಅವರಿಗೆ 51 ವರ್ಷ. ಹಾಡಿನ ಸಾಲುಗಳಷ್ಟೇ ಅಲ್ಲ, ಹಾಡುಗಳ ನಡುವೆ ಆಡುವ ಮಾತುಗಳೂ ಟೆಲಿಪ್ರಾಂಪ್ಟರ್ ಪರದೆಯ ಮೇಲೆ ಅವರ ಕಣ್ಣೆದುರಿಗಿದ್ದವು. ನೆನಪು ಕೈಕೊಟ್ಟೀತೆಂಬ ಅಂಜಿಕೆಗೆ ಅಷ್ಟೊಂದು ಸರಳವಾದ ಆಸರೆ ಇಟ್ಟುಕೊಂಡೇ ಅವರು ಮರುವರ್ಷ ಲಂಡನ್‌ನಲ್ಲೂ ಅಮೆರಿಕದ ಹಲವು ನಗರಗಳಲ್ಲೂ ಹಾಡಿದರು, ಮತ್ತು ಆ ಪರದೆಗಳಿಂದಾಗಿ ಅವರ ಗೌರವವೇನೂ ಕುಗ್ಗಲಿಲ್ಲ: 2008ರಲ್ಲಿ ಕೆನಡಿ ಸೆಂಟರ್ ಗೌರವ, 2015ರಲ್ಲಿ ಅಧ್ಯಕ್ಷೀಯ ಸ್ವಾತಂತ್ರ್ಯ ಪದಕ ಅವರಿಗೆ ಸಂದವು.

ಆದ್ದರಿಂದ ಆಹ್ವಾನವನ್ನು ಒಪ್ಪಿಕೊಳ್ಳಿ, ಆದರೆ ನಿಮ್ಮ ಷರತ್ತಿನ ಮೇಲೆ: ಒಂದೇ ಹಾಡು, ಎದುರಿಗೆ ಸ್ಟ್ಯಾಂಡಿನ ಮೇಲೆ ದೊಡ್ಡಕ್ಷರದಲ್ಲಿ ಬರೆದ ಸಾಹಿತ್ಯ. ನಮ್ಮ ಸುಗಮ ಸಂಗೀತದ ವೇದಿಕೆಗೆ ಇದು ಹೊಸದಲ್ಲ. ನೀವು ಚರಣ ಎತ್ತಿಕೊಳ್ಳುವುದು ತಡವಾದರೆ ನಡುವಣ ಸಂಗೀತವನ್ನು ಇನ್ನೊಮ್ಮೆ ನುಡಿಸುವಂತೆ ವಾದ್ಯದವರೊಂದಿಗೆ ಮೊದಲೇ ಮಾತಾಡಿಕೊಳ್ಳಿ. ಅದಕ್ಕೂ ಮುಂಚೆ ಪರಿಚಿತರ ಮನೆಗಳಲ್ಲಿ, ಅದೇ ಸ್ಟ್ಯಾಂಡ್ ಇಟ್ಟುಕೊಂಡು ಹಾಡಿ. ಕಾರ್ಯಕ್ರಮದ ಯೋಚನೆಯಿಂದ ನಿದ್ರೆ ಕೆಡುತ್ತಿದ್ದರೆ ಆಪ್ತಸಮಾಲೋಚಕರನ್ನು ಕಾಣಲು ಸಂಕೋಚ ಬೇಡ. ನಿಮ್ಮ ಪತಿಗೆ, ಒತ್ತಾಯಿಸುವ ಬದಲು ಈ ಅಭ್ಯಾಸದ ಸಂಜೆಗಳಲ್ಲಿ ಜೊತೆಗಿರುವಂತೆ ಹೇಳಿ.