ದೇಹದ ಗಾತ್ರದ ಬಗ್ಗೆ ಮಾತಾಡಿಸುವಾಗ

ಪ್ರಶ್ನೆ: ನಾನು ಎಂಎಸ್‌ಡಬ್ಲ್ಯು (ಸಮಾಜಕಾರ್ಯ ಸ್ನಾತಕೋತ್ತರ) ವಿದ್ಯಾರ್ಥಿನಿ. ದಪ್ಪ ಇರುವ ಹೆಂಗಸರ ಅನುಭವಗಳ ಬಗ್ಗೆ ಉಡುಪಿ ಸುತ್ತಮುತ್ತ ಸಂದರ್ಶನ ಮಾಡಬೇಕು. ತೂಕ ನೋಡಲೇಬೇಕಾ? ನೋವಾಗದ ಹಾಗೆ ಕೇಳುವುದು ಹೇಗೆ? ಹೆಸರು ಬದಲಿಸಿದರೆ ಸಾಕಲ್ವಾ?

ಉತ್ತರ: ತೂಕ ನೋಡಬೇಡಿ. ನಿಮಗೆ ಬೇಕಿರುವುದು ಅನುಭವ. ಬಿಎಂಐ, ಅಂದರೆ ಎತ್ತರಕ್ಕೆ ಹೋಲಿಸಿದ ತೂಕದ ಅಳತೆ, 24 ಇದ್ದವರು ವಿಶ್ವ ಆರೋಗ್ಯ ಸಂಸ್ಥೆಯ (ಡಬ್ಲ್ಯುಎಚ್‌ಒ) ಸಾಮಾನ್ಯ ಪಟ್ಟಿಯಲ್ಲಿ ಸರಿಯಾಗಿದ್ದಾರೆ. ಭಾರತೀಯರಿಗೆ ಬಳಸುವ ಪಟ್ಟಿಯಲ್ಲಿ 23ಕ್ಕೇ ಅತಿತೂಕ ಶುರು. ಮದುವೆಮನೆಯಲ್ಲಿ ಅವರು ಕೇಳಿಸಿಕೊಂಡ ಮಾತು ಎರಡರಲ್ಲೂ ಸಿಗುವುದಿಲ್ಲ. ತೂಕದ ಯಂತ್ರ ಹೊರಗೆ ಬಂತೋ, ಅವರು ಡಾಕ್ಟರಿಗೆ ಹೇಳುವ ಉತ್ತರವನ್ನೇ ನಿಮಗೂ ಹೇಳುತ್ತಾರೆ: 'ಅನ್ನ ಕಡಿಮೆ ಮಾಡಿದ್ದೇನೆ, ವಾಕಿಂಗ್ ಹೋಗ್ತೇನೆ.'

'ಯಾಕೆ ದಪ್ಪ ಆದ್ರಿ' ಎಂದು ಕೇಳಿದರೆ ತಪ್ಪು ಹೊರಿಸಿದ ಹಾಗೆ. 'ಬಸ್ಸಲ್ಲಿ ಹೋಗಿಬರುವುದು ಹೇಗಾಗುತ್ತೆ?', 'ಬಟ್ಟೆ ಅಂಗಡಿಯಲ್ಲಿ ಏನಂತಾರೆ?' ಎಂದು ಕೇಳಿ, ಸುಮ್ನೆ ಕಾಯಿರಿ. ತಮ್ಮನ್ನು ಅವರು ದಪ್ಪ ಅನ್ನಲಿ, ತೋರ ಅನ್ನಲಿ, ಅದೇ ಪದ ಹಿಡಿಯಿರಿ. 'ಅಯ್ಯೋ, ನೀವೇನು ಅಷ್ಟು ದಪ್ಪ ಇಲ್ಲಪ್ಪ' ಎಂದು ಮಾತ್ರ ಸಮಾಧಾನ ಮಾಡಬೇಡಿ. ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತೀರಿ, ಆದರೆ ಮಾತು ಅಲ್ಲಿಗೇ ನಿಲ್ಲುತ್ತದೆ. ಡಯಟ್ ಸಲಹೆಯೂ ಬೇಡ.

ಜಾಗ ಅವರೇ ಆರಿಸಲಿ. ಚಾವಡಿಯಲ್ಲಿ ಅತ್ತೆ ಕೂತಿದ್ದರೆ ಸೊಸೆ ಬಾಯಿ ಬಿಡುವುದಿಲ್ಲ. ಕಾಲೇಜಿಗೆ ಕರೆದರೆ ಕೈಯಿಲ್ಲದ, ಗಟ್ಟಿ ಕುರ್ಚಿ ಇಟ್ಟಿರಿ. ಎರಡು ಕೈಗಳ ನಡುವೆ ಸಿಕ್ಕಿಕೊಂಡು, ಏಳುವಾಗ ಕುರ್ಚಿಯೂ ಜೊತೆಗೆ ಎದ್ದರೆ ಆ ಅವಮಾನ ನೀವು ಕೊಟ್ಟದ್ದೇ. ಮನೆಗೆ ಹೋದಾಗ ಚಹಾ ತಿಂಡಿ ಬಂದರೆ, ದಯವಿಟ್ಟು ಅವರ ತಟ್ಟೆ ನೋಡಬೇಡಿ.

ಹೆಸರು ಬದಲಿಸಿದರೆ ಸಾಲದು. 'ಮಲ್ಪೆಯಲ್ಲಿ ಮೀನು ಮಾರುವ, ಗಂಡ ಮಸ್ಕತ್‌ನಲ್ಲಿರುವ, ಅವಳಿ ಮಕ್ಕಳ ತಾಯಿ' ಎಂದು ಬರೆದರೆ ಊರಿಗೇ ಗೊತ್ತಾಗುತ್ತದೆ. ಊರು, ಕಸುಬು, ಸಂಸಾರದ ವಿವರಗಳಲ್ಲಿ ಒಂದೆರಡನ್ನು ಬಿಡಿ. ಯಾವುದನ್ನು ಬಿಡಬೇಕು ಎಂದು ಅವರನ್ನೇ ಕೇಳಿ.

ಸಂದರ್ಶನ ಶುರು ಮಾಡುವ ಮೊದಲೇ ನಿಮ್ಮ ಸಂಸ್ಥೆಯ ಎಥಿಕ್ಸ್ ಕಮಿಟಿಯ (ಸಂಶೋಧನೆಯ ನೈತಿಕತೆ ನೋಡುವ ಸಮಿತಿ) ಒಪ್ಪಿಗೆ ಪಡೆಯಿರಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿ ಪ್ರಕಾರ, ಭಾಗವಹಿಸುವವರು ಯಾವಾಗ ಬೇಕಾದರೂ ಹಿಂದೆ ಸರಿಯಬಹುದು. ಒಪ್ಪಿಗೆ ಪತ್ರ ಅವರಿಗೆ ಅರ್ಥವಾಗುವ ಭಾಷೆಯಲ್ಲಿರಬೇಕು. ಮನೆಮಾತು ತುಳುವೋ, ಕೊಂಕಣಿಯೋ, ಬ್ಯಾರಿಯೋ ಆಗಿದ್ದರೆ ಅದರಲ್ಲೇ ಓದಿ ಹೇಳಿ. ರೆಕಾರ್ಡಿಂಗಿಗೆ ಬೇರೆಯಾಗಿಯೇ ಒಪ್ಪಿಗೆ ಕೇಳಿ.

ಮಧ್ಯೆ ಅತ್ತರೆ ರೆಕಾರ್ಡರ್ ಆಫ್ ಮಾಡಿ. ಮುಂದುವರಿಸುವುದೋ ಬೇಡವೋ ಅವರೇ ಹೇಳಲಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ನಂಬರ್ 14416 ಬರೆದುಕೊಡಿ. ಮರುದಿನ ಒಂದು ಫೋನ್ ಮಾಡಿ, 'ನಿನ್ನೆ ಹೇಳಿದ್ದರಲ್ಲಿ ಏನಾದರೂ ತೆಗೆಯಬೇಕಾ' ಎಂದು ಕೇಳಿ.