ದುರಸ್ತಿ ಮಾಡಿದ 1960ರ ಕಾಲದ ಎಕ್ಸಿಕ್ಯುಟಿವ್ ಮೇಜು: ಕೊಳ್ಳುವ ಮುಂಚೆ ಏನು ನೋಡಬೇಕು?

1960ರ ದಶಕದ ಡ್ಯಾನಿಶ್ ಶೈಲಿಯ ದೊಡ್ಡ ಎಕ್ಸಿಕ್ಯುಟಿವ್ ಮೇಜೊಂದು ಮಾರಾಟಕ್ಕಿದೆ, ಪೂರ್ತಿ ರಿಸ್ಟೋರ್ ಮಾಡಿದ್ದಂತೆ, ಹೊಚ್ಚ ಹೊಸದರ ಹಾಗೆ ಹೊಳೆಯುತ್ತಿದೆ, ನಂಬಿ ಕೊಳ್ಳಬಹುದೇ ಅಂತ ಕೇಳಿದ್ದೀರಿ. ಇಂಥ ಮೇಜುಗಳನ್ನು ಬಿಚ್ಚಿ, ಅಂಟಿಸಿ, ಪಾಲಿಶ್ ಹಾಕುವುದೇ ನನ್ನ ಕೆಲಸ. ನನಗೆ ಅನುಮಾನ ಶುರುವಾಗುವುದೇ ಆ 'ಹೊಚ್ಚ ಹೊಸದು' ಅನ್ನುವ ಮಾತಿನಿಂದ.

ಆ ಕಾಲದ ಬಹುತೇಕ ಮೇಜುಗಳ ಮೇಲ್ಹಲಗೆ ಇಡಿಯಾಗಿ ತೇಗದ್ದಲ್ಲ. ಒಳಗೆ ಬ್ಲಾಕ್‌ಬೋರ್ಡೋ (ಮರದ ಪಟ್ಟಿಗಳನ್ನು ಜೋಡಿಸಿದ ಹಲಗೆ) ಪ್ಲೈವುಡ್ಡೋ ಚಿಪ್‌ಬೋರ್ಡೋ (ಮರದ ಚೂರುಗಳನ್ನು ಅಂಟಿಸಿ ಒತ್ತಿದ ಹಲಗೆ) ಇರುತ್ತದೆ. ಮೇಲೆ ತೇಗ, ಬೀಟೆ ಅಥವಾ ವಾಲ್‌ನಟ್‌ನ ತೆಳು ವೆನೀರ್, ಅಂದರೆ ಅಂಟಿಸಿದ ಮರದ ಪದರ. ಇದರಲ್ಲಿ ಮೋಸವೇನಿಲ್ಲ. ಅಷ್ಟು ಅಗಲದ ಗಟ್ಟಿ ಹಲಗೆ ಹವೆ ಬದಲಾದಂತೆ ಹಿಗ್ಗಿ ಕುಗ್ಗಿ ಬಾಗುತ್ತದೆ, ಬಿರಿಯುತ್ತದೆ; ವೆನೀರ್ ಹಾಕಿದ್ದು ಮಟ್ಟಸವಾಗಿ ನಿಲ್ಲುತ್ತದೆ. ಆದರೆ ಆ ಪದರದ ದಪ್ಪ ಸಾಮಾನ್ಯವಾಗಿ ಒಂದು ಮಿಲಿಮೀಟರಿಗೂ ಕಡಿಮೆ. ಉಜ್ಜಿದಷ್ಟೂ ಅದು ಸವೆಯುತ್ತದೆ. ಸವೆದದ್ದನ್ನು ಯಾವ ಪಾಲಿಶ್ಶೂ ವಾಪಸ್ ತರುವುದಿಲ್ಲ.

ಇದನ್ನು ನಾನು ಒಂದು ಮೇಜನ್ನು ಕೆಡಿಸಿ ಕಲಿತೆ. ವಾಲ್‌ನಟ್ ಮೇಜಿನ ಮೇಲೆ ಯಾವುದೋ ಕಬ್ಬಿಣದ ಪಾತ್ರೆ ಕೂತಿದ್ದ ಕಪ್ಪು ಉಂಗುರವಿತ್ತು. ಕಲೆ ಮೇಲೇ ಇದೆ ಅಂದುಕೊಂಡು ಸ್ಯಾಂಡಿಂಗ್ ಮೆಷಿನ್ ಹಿಡಿದೆ. ಕಲೆ ಹೋಗಲಿಲ್ಲ, ಅದರ ಪಕ್ಕದಲ್ಲೇ ವೆನೀರ್ ಹರಿದು ಒಳಗಿನ ಬಿಳಿಚಿದ ಮರ ಇಣುಕಿತು. ಕಬ್ಬಿಣ, ನೀರು ಮತ್ತು ಮರದಲ್ಲೇ ಇರುವ ಟ್ಯಾನಿನ್ ಎಂಬ ಒಗರು ಅಂಶ ಸೇರಿ ಆಗುವ ಆ ಕಪ್ಪು, ಮರದ ನಾರಿನ ಒಳಗೇ ಇಳಿದಿರುತ್ತದೆ. ಆಕ್ಸಾಲಿಕ್ ಆಮ್ಲದ ದ್ರಾವಣ ಹಚ್ಚಿ ತೊಳೆದಿದ್ದರೆ ಸಾಕಿತ್ತು. ಬಿಳಿ ಉಂಗುರವಾದರೆ ಅದು ಬರೀ ಪಾಲಿಶ್ಶಿಗೆ ಸಿಕ್ಕಿಕೊಂಡ ತೇವ, ಮರಕ್ಕೆ ಏನೂ ಆಗಿರುವುದಿಲ್ಲ. ಆ ಮೇಜು ನೆನಪಾದರೆ ಇವತ್ತಿಗೂ ಸಂಕಟವಾಗುತ್ತದೆ.

ಹಾಗಾಗಿ ನೀವು ಮೇಲಿನ ಹೊಳಪನ್ನು ಬಿಟ್ಟು ಅಂಚಿನ ಹತ್ತಿರ ಮಂಡಿಯೂರಿ ಕೂರಿ. ಟಾರ್ಚನ್ನು ಮಲಗಿಸಿ ಹಿಡಿದು, ಬೆಳಕು ಮೇಲ್ಮೈಗೆ ಸವರಿಕೊಂಡು ಹೋಗುವ ಹಾಗೆ ನೋಡಿ. ಅಂಚಿನುದ್ದಕ್ಕೂ ಬಣ್ಣ ತಿಳಿಯಾಗಿದೆಯೇ, ಮೂಲೆಗಳು ಮೊಂಡಾಗಿವೆಯೇ, ಗೆರೆಗಳು ಥಟ್ಟನೆ ಮಾಯವಾಗಿ ಬಣ್ಣ ಬಳಿದ ಹಾಗೆ ಕಾಣುವ ಜಾಗ ಇದೆಯೇ? ಇದ್ದರೆ ಉಜ್ಜಿದ್ದು ಜಾಸ್ತಿಯಾಗಿದೆ. ಬೆರಳ ಗೆಣ್ಣಿನಿಂದ ಅಲ್ಲಲ್ಲಿ ತಟ್ಟಿ; ಟೊಳ್ಳು ಸದ್ದು ಬಂದಲ್ಲಿ ವೆನೀರ್ ಕಿತ್ತುಕೊಂಡಿರುತ್ತದೆ. ಡ್ರಾಯರ್ ಪೂರ್ತಿ ಹೊರಗೆ ಎಳೆದು ಅದರ ಮೂಲೆಗಳ ಡವ್‌ಟೇಲ್ ಜೋಡಣೆ (ಹಲ್ಲುಗಳಂತೆ ಒಂದರೊಳಗೊಂದು ಕೂರುವ ಜೋಡಣೆ) ನೋಡಿ, ಆ ಜೋಡಣೆಯ ಮೇಲೆ ಹೊಸ ಮೊಳೆ ಹೊಡೆದಿದ್ದರೆ ಅವಸರದ ಕೆಲಸ.

ಮೇಜಿನ ಹಿಂಬದಿಯನ್ನು ಮರೆಯಬೇಡಿ. ಈ ಮೇಜುಗಳು ಕೋಣೆಯ ನಡುವೆ ನಿಲ್ಲಲಿಕ್ಕೆ ಹುಟ್ಟಿದವು, ಎದುರು ಕೂರುವವರಿಗೂ ಚೆನ್ನಾಗಿ ಕಾಣಬೇಕಿತ್ತು. ಡ್ಯಾನಿಶ್ ವಿನ್ಯಾಸಕ ಆರ್ನೆ ವೊಡರ್ ಡೆನ್ಮಾರ್ಕಿನ ಪೀಠೋಪಕರಣ ಕಂಪನಿ ಸಿಬಾಸ್ಟ್‌ಗೆ ವಿನ್ಯಾಸ ಮಾಡಿಕೊಟ್ಟ ಮೇಜುಗಳಲ್ಲಿ ಆ ಬದಿಗೂ ಪುಸ್ತಕದ ಕಪಾಟು ಇರುವಂಥವಿವೆ. (ಅಮೆರಿಕದ ವಿನ್ಯಾಸಕಿ ಫ್ಲಾರೆನ್ಸ್ ನೋಲ್ ಇನ್ನೂ ಮುಂದೆ ಹೋಗಿ 1961ರಲ್ಲಿ ಡ್ರಾಯರುಗಳನ್ನೇ ತೆಗೆದು ಅಂಡಾಕಾರದ ಬರೀ ಟೇಬಲ್ ಇಟ್ಟರು. ನನಗೆ ಅದು ತುಂಬಾ ಇಷ್ಟ.) ಹಿಂಬದಿಯಲ್ಲಿ ಕೈಯಾಡುವುದು ಕಡಿಮೆ, ಆದ್ದರಿಂದ ಮೂಲ ಬಣ್ಣ ಅಲ್ಲಿ ಉಳಿದಿರಬಹುದು. ಮೇಲ್ಹಲಗೆಯ ಜೊತೆ ಹೋಲಿಸಿ.

ಯಾವ ಪಾಲಿಶ್ ಹಾಕಿದ್ದೀರಿ ಅಂತ ನೇರವಾಗಿ ಕೇಳಿ. ಎಣ್ಣೆ ಹಚ್ಚಿದ ತೇಗ ಗಾಜಿನ ಹಾಗೆ ಮಿಂಚುವುದಿಲ್ಲ, ಕೈಯಿಟ್ಟರೆ ಮರ ಮುಟ್ಟಿದಂತೆಯೇ ಇರುತ್ತದೆ. ಅದರ ಮೇಲೆ ದಪ್ಪಗೆ ಪಾಲಿಯುರೆಥೇನ್ (ಪ್ಲಾಸ್ಟಿಕ್ಕಿನಂಥ ಗಟ್ಟಿ ವಾರ್ನಿಶ್) ಹೊಡೆದಿದ್ದರೆ ನಾನಂತೂ ಕೊಳ್ಳುವುದಿಲ್ಲ. ಮುಂದೊಂದು ದಿನ ಗೀರು ಬಿದ್ದರೆ ಅಷ್ಟು ಜಾಗವನ್ನು ಮಾತ್ರ ಸರಿಮಾಡುವುದು ಬಹಳ ಕಷ್ಟ. ಎಣ್ಣೆಯದ್ದಾದರೆ ಬಟ್ಟೆಯಲ್ಲಿ ತೆಳುವಾಗಿ ಮತ್ತೆ ಹಚ್ಚಿದರಾಯಿತು. ಅಗಸೆ ಎಣ್ಣೆ ಹಚ್ಚಿದ ಬಟ್ಟೆಯನ್ನು ಮಾತ್ರ ಮುದ್ದೆ ಮಾಡಿ ಎಸೆಯಬೇಡಿ, ಅದು ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳಬಹುದು, ಹರವಿ ಒಣಗಿಸಿ.

ಬೀಟೆ ಅಂತ ಹೇಳಿದರೆ ಯಾವ ಬೀಟೆ ಅಂತ ಕೇಳಿ. ಬ್ರೆಜಿಲ್‌ನ ಡಾಲ್ಬರ್ಜಿಯಾ ನೈಗ್ರಾ 1992ರಿಂದ ಸೈಟಿಸ್ ಒಪ್ಪಂದದ (ಅಳಿವಿನಂಚಿನ ಗಿಡ-ಪ್ರಾಣಿಗಳ ಅಂತರರಾಷ್ಟ್ರೀಯ ವ್ಯಾಪಾರದ ಒಪ್ಪಂದ) ಅತಿ ಬಿಗಿಯಾದ ಪಟ್ಟಿಯಾದ ಮೊದಲ ಅನುಬಂಧದಲ್ಲಿದೆ. ಕಾಗದಪತ್ರ ಇಲ್ಲದೆ ಅದನ್ನು ದೇಶದ ಗಡಿ ದಾಟಿಸಲು ಹೋಗಬೇಡಿ.

ಒಂದೆರಡು ಹಳೆ ಕಲೆ ಉಳಿಸಿಕೊಂಡ, ಅಂಚು ಚೂಪಾಗಿರುವ ಮೇಜಾದರೆ ನಾನು ಹಿಂದೆಮುಂದೆ ನೋಡದೆ ಕೊಳ್ಳುತ್ತೇನೆ. ಫೋಟೊ ಹಾಕುವುದಾದರೆ ಅಂಚಿನದ್ದು ಮತ್ತು ಡ್ರಾಯರಿನ ಮೂಲೆಯದ್ದು ಹಾಕಿ, ನೋಡಿ ಹೇಳುತ್ತೇನೆ.