ಆಪ್ತಸಲಹೆ ಪ್ರಕರಣ: ಜಾವಾ ಬಿಟ್ಟ ಹುಡುಗಿ

(ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಾಯಿಸಲಾಗಿದೆ.)

ಒಂಬತ್ತನೇ ತರಗತಿ, ಕನ್ನಡ ಮಾಧ್ಯಮ, ರಾಜ್ಯ ಪಠ್ಯಕ್ರಮ. ಗಣಿತದಲ್ಲಿ ಸದಾ ಮುಂದಿರುವ ಹುಡುಗಿ. ಅಡಿಕೆ ವ್ಯಾಪಾರಿಯಾದ ತಂದೆ ಅವಳನ್ನು ಕರೆತಂದದ್ದು ಒಂದೇ ದೂರಿನೊಂದಿಗೆ: “ಮೇಡಂ, ಇವಳಿಗೆ ಯಾವುದರಲ್ಲಿಯೂ ಆಸಕ್ತಿ ಉಳಿದಿಲ್ಲ.” ಬೇಸಿಗೆ ರಜೆಯಲ್ಲಿ ಹಣ ಕಟ್ಟಿ ಆನ್‌ಲೈನ್ ಜಾವಾ (ಕಂಪ್ಯೂಟರ್ ಪ್ರೋಗ್ರಾಮ್ ಬರೆಯುವ ಒಂದು ಭಾಷೆ) ತರಗತಿಗೆ ಸೇರಿಸಿದ್ದರು. ಕೆಲವೇ ವಾರಗಳಲ್ಲಿ ಅವಳು ಲ್ಯಾಪ್‌ಟಾಪ್ ಮುಟ್ಟುವುದನ್ನೇ ಬಿಟ್ಟಳು.

ಜಾವಾ ಆರಿಸಿದ್ದು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ದೊಡ್ಡಪ್ಪನ ಮಗ. ಶಾಲೆಯ ಶಿಕ್ಷಕರೊಬ್ಬರ ಪ್ರಕಾರ ಮೊದಲು ಸಿ ಎಂಬ ಭಾಷೆ ಕಲಿಯಬೇಕು. ಪಕ್ಕದ ಮನೆಯವರಿಗೆ ಪೈಥಾನ್ ಎಂಬ ಇನ್ನೊಂದು ಭಾಷೆ ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ. ಪ್ರತಿಯೊಬ್ಬರೂ ತಮಗೆ ಅನ್ನ ಕೊಟ್ಟ ಭಾಷೆಗೇ ಮತ ಹಾಕಿದ್ದರು. ಹುಡುಗಿಯನ್ನು ಮಾತ್ರ ಯಾರೂ ಕೇಳಿರಲಿಲ್ಲ.

ತಂದೆಯನ್ನು ಹೊರಗೆ ಕೂರಿಸಿ ಅವಳ ನೋಟ್‌ಬುಕ್ ತೆರೆಸಿದೆ. ಮೊದಲ ಪುಟದಲ್ಲೇ ‘ಪಬ್ಲಿಕ್ ಸ್ಟ್ಯಾಟಿಕ್ ವಾಯ್ಡ್ ಮೇನ್’ ಎಂಬ, ಜಾವಾ ಪ್ರೋಗ್ರಾಮಿಗೆ ಪೀಠಿಕೆಯಾಗಿ ಬರೆಸುವ ಸಾಲು, ಅದರ ಕೆಳಗೆ ಪೆನ್ಸಿಲ್ಲಿನಲ್ಲಿ ಒಂದು ಪ್ರಶ್ನೆ ಚಿಹ್ನೆ. “ಇದು ಏನು ಎಂದು ಕೇಳಿದೆ ಮೇಡಂ. ಈಗ ಸುಮ್ಮನೆ ಬರೆದುಕೊಳ್ಳಿ, ಅರ್ಥ ಆಮೇಲೆ ತಿಳಿಯುತ್ತದೆ ಎಂದರು. ಎಲ್ಲರೂ ಬರೆದುಕೊಂಡರು, ನನಗೆ ಆಗಲಿಲ್ಲ. ನನಗೆ ತಲೆ ಇಲ್ಲ.” ಒಂದು ಹೆಜ್ಜೆ ಮನವರಿಕೆಯಾಗದೆ ಮುಂದಿನದಕ್ಕೆ ಹೋಗದ ಮಗು ಇದು. ಗಣಿತದಲ್ಲಿ ಅವಳನ್ನು ಮುಂದಿಟ್ಟ ಸ್ವಭಾವವೇ ಇಲ್ಲಿ ಕಾಲಿಗೆ ತೊಡರಿತ್ತು. ಜೊತೆಗೆ ಇಂಗ್ಲಿಷಿನಲ್ಲಿ ಬರುವ ಕೆಂಪು ದೋಷ ಸಂದೇಶಗಳು. ಅವನ್ನು ಅವಳು ಓದುತ್ತಲೇ ಇರಲಿಲ್ಲ, ಬೈಗುಳವೆಂದು ತಿಳಿದು ಪರದೆ ಮುಚ್ಚುತ್ತಿದ್ದಳು.

ನನ್ನ ಸಲಹೆ: ಮುಂದಿನ ಒಂದು ವರ್ಷ ಪೈಥಾನ್ ಮಾತ್ರ.

ತಂದೆಗೆ ಅನುಮಾನ. ಪೈಥಾನ್ ಮೊನ್ನೆ ಬಂದದ್ದು, ಜಾವಾ ಹಳೆಯದು, ಗಟ್ಟಿ ಎಂದು ಅವರಿಗೆ ಯಾರೋ ಹೇಳಿದ್ದರು. ಪೈಥಾನ್ ಹೊರಬಂದದ್ದು 1991ರಲ್ಲಿ, ಜಾವಾ 1995ರಲ್ಲಿ ಎಂದಾಗ ಸ್ವಲ್ಪ ಸಡಿಲಗೊಂಡರು. ಉದ್ಯೋಗದ ಚಿಂತೆಗೆ ಹೇಳಿದ್ದು ಇಷ್ಟು: ಇವಳು ಕೆಲಸಕ್ಕೆ ಸೇರಲು ಇನ್ನೂ ಏಳೆಂಟು ವರ್ಷವಿದೆ. ಷರತ್ತು, ಪುನರಾವರ್ತನೆ, ಫಂಕ್ಷನ್ (ಹೆಸರಿಟ್ಟು ಬೇಕಾದಾಗ ಕರೆಯುವ ಪ್ರೋಗ್ರಾಮಿನ ತುಣುಕು) ಎಂಬ ಮೂಲ ವಿಚಾರಗಳು ಒಮ್ಮೆ ಕೈಗೆ ಹತ್ತಿದರೆ ಯಾವ ಭಾಷೆಗೂ ಜೊತೆಯಲ್ಲೇ ಬರುತ್ತವೆ. ಐಸಿಎಸ್‌ಇ ಮಗುವಾಗಿದ್ದರೆ ನಾನೇ ಜಾವಾ ಎನ್ನುತ್ತಿದ್ದೆ, ಅಲ್ಲಿ ಒಂಬತ್ತು ಹತ್ತರ ಕಂಪ್ಯೂಟರ್ ಪರೀಕ್ಷೆ ಅದರಲ್ಲೇ ಇದೆ. ಸಿಬಿಎಸ್‌ಇಯ ಹನ್ನೊಂದು ಹನ್ನೆರಡರಲ್ಲಿ ಪೈಥಾನ್ ಇದೆ, ನಮ್ಮ ಪಿಯುಸಿಯಲ್ಲಿ ಬಹಳ ವರ್ಷ ಸಿ++ ಇತ್ತು. ಇವಳಿಗೆ ಸದ್ಯ ಅಂಥ ಪರೀಕ್ಷೆಯ ಕಟ್ಟು ಯಾವುದೂ ಇಲ್ಲ.

ಪೈಥಾನಿನಲ್ಲಿ ಒಂದೇ ಸಾಲು ಬರೆದರೆ ಪರದೆಯ ಮೇಲೆ ಉತ್ತರ. ಅರ್ಥವಾಗದ ಪೀಠಿಕೆ ಬೇಕಿಲ್ಲ. ಹಾಗೆಂದು ಎಡವುವುದೇ ಇಲ್ಲ ಎಂದಲ್ಲ. ‘ಇನ್‌ಪುಟ್’ (ಬಳಕೆದಾರರು ಟೈಪ್ ಮಾಡಿದ್ದನ್ನು ಒಳಗೆ ತೆಗೆದುಕೊಳ್ಳುವ ಆದೇಶ) ಮೂಲಕ 5 ಮತ್ತು 7 ಕೊಟ್ಟು ಕೂಡಿಸಿದಾಗ ಅವಳಿಗೆ 57 ಬಂತು, ಏಕೆಂದರೆ ಒಳಬಂದದ್ದು ಸಂಖ್ಯೆಯಲ್ಲ, ಅಕ್ಷರಗಳ ಸಾಲು. ಆದರೆ ಈ ತಪ್ಪು ಕಣ್ಣಿಗೆ ಕಾಣುತ್ತದೆ, ಕಾರಣ ಹುಡುಕಲು ಕೆಣಕುತ್ತದೆ. ಸಿಯಲ್ಲಿ ಸಾಮಾನ್ಯ 32 ಬಿಟ್ ಪೂರ್ಣಾಂಕ (ಒಂದು ಮಿತಿಯವರೆಗಿನ ಸಂಖ್ಯೆ ಮಾತ್ರ ಹಿಡಿಸುವ ಜಾಗ) ಹಿಡಿದು 13ರ ಫ್ಯಾಕ್ಟೋರಿಯಲ್, ಅಂದರೆ 1ರಿಂದ 13ರವರೆಗಿನ ಸಂಖ್ಯೆಗಳ ಗುಣಲಬ್ಧ, ಲೆಕ್ಕ ಹಾಕಿದರೆ, ಮಿತಿ ಮೀರಿ ಏನೋ ಒಂದು ಸಂಖ್ಯೆ ಸದ್ದಿಲ್ಲದೆ ಬಂದು ಕೂರುತ್ತದೆ. ಹೊಸಬರು ಅದನ್ನು ನಂಬಿಬಿಡುತ್ತಾರೆ. ಸಿಯ ಬಗ್ಗೆ ನನಗೆ ಗೌರವವಿದೆ, ಯಂತ್ರದ ಒಳಗನ್ನು ಅದರಷ್ಟು ಚೆನ್ನಾಗಿ ತೋರಿಸುವ ಭಾಷೆಗಳು ಕಡಿಮೆ. ಅದನ್ನು ಎರಡನೆಯದಾಗಿ ಕಲಿಯಲಿ.

ಎಸ್ಟೋನಿಯಾದ ಟಾರ್ಟು ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ಥಾನಿ ಎಂಬ ಉಚಿತ ತಂತ್ರಾಂಶ ಹಾಕಿಸಿದೆವು. ಪ್ರೋಗ್ರಾಮನ್ನು ಅದು ಹೆಜ್ಜೆಹೆಜ್ಜೆಯಾಗಿ ಓಡಿಸುತ್ತದೆ, ಯಾವ ಹೆಸರಿನಲ್ಲಿ ಯಾವ ಬೆಲೆ ಇದೆ ಎಂದು ಪಕ್ಕದಲ್ಲೇ ತೋರಿಸುತ್ತದೆ. ಇವಳ ಸ್ವಭಾವಕ್ಕೆ ಹೇಳಿ ಮಾಡಿಸಿದಂಥದ್ದು. ‘ಮೊತ್ತ’, ‘ತೂಕ’ ಎಂದು ಚರಗಳಿಗೆ ಕನ್ನಡ ಲಿಪಿಯಲ್ಲೇ ಹೆಸರಿಡಬಹುದು ಎಂದು ತಿಳಿದಾಗ ಅವಳು ಮೊದಲ ಸಲ ನಕ್ಕಳು. ಮರುವಾರ ಅವಳದೇ ಪ್ರಶ್ನೆ: ‘ಕನ್ನಡ’ದ ಉದ್ದ ಕೇಳಿದರೆ ಪೈಥಾನ್ 5 ಎನ್ನುತ್ತದೆ, ಇರುವುದು ಮೂರಲ್ಲವೇ? ಒತ್ತಕ್ಷರವನ್ನು ಕಂಪ್ಯೂಟರ್ ನ, ಸ್ವರವಿಲ್ಲವೆಂದು ತೋರಿಸುವ ಚಿಹ್ನೆ (್), ಮತ್ತೊಂದು ನ ಎಂದು ಬಿಡಿಯಾಗಿ ಎಣಿಸುತ್ತದೆ ಎಂದು ವಿವರಿಸಿದೆ. ತಲೆ ಇಲ್ಲದವರು ಕೇಳುವ ಪ್ರಶ್ನೆ ಇದಲ್ಲ ಎಂದೂ ಸೇರಿಸಿದೆ.

ಅವಳಿಗೆ ಹಚ್ಚಿದ ಅಭ್ಯಾಸ: ದೋಷ ಬಂದರೆ ಸಂದೇಶದ ಕೊನೆಯ ಸಾಲನ್ನು ಮೊದಲು ಓದುವುದು, ಗೊತ್ತಿಲ್ಲದ ಪದದ ಅರ್ಥವನ್ನು ನೋಟ್‌ಬುಕ್ಕಿನಲ್ಲಿ ಬರೆದಿಡುವುದು. ಇಂಥ ಪದಗಳು ಬಹಳವೇನಿಲ್ಲ, ಮತ್ತೆ ಮತ್ತೆ ಅವೇ ಬರುತ್ತವೆ. ಕನ್ನಡ ಮಾಧ್ಯಮದ ಮಕ್ಕಳಿಗೆ ಯಾವ ಭಾಷೆ ಆರಿಸುವುದಕ್ಕಿಂತ ಇದೇ ದೊಡ್ಡ ಸಹಾಯ ಎಂಬುದು ನನ್ನ ಅನುಭವ.

ತಂದೆಗೆ ಹೇಳಿದ್ದು: ಕಟ್ಟಿದ ಶುಲ್ಕದ ಮಾತು ಮನೆಯಲ್ಲಿ ಎತ್ತಬೇಡಿ. ‘ಎಷ್ಟು ಪಾಠ ಮುಗಿಯಿತು’ ಎನ್ನುವ ಬದಲು ‘ಏನು ಮಾಡಿದೆ, ತೋರಿಸು’ ಎನ್ನಿ. ಜಾವಾ ಆರಿಸಿದ ಆ ಅಣ್ಣನಿಗೂ ಒಂದು ಪಾತ್ರ ಕೊಟ್ಟೆ: ಭಾನುವಾರ ಅರ್ಧ ಗಂಟೆ ವಿಡಿಯೊ ಕರೆಯಲ್ಲಿ ಅವಳ ಜೊತೆ ಕೂರುವುದು, ಉತ್ತರ ಹೇಳಿಬಿಡದೆ ಅವಳಿಂದಲೇ ದೋಷ ಸಂದೇಶ ಓದಿಸುವುದು.

ಅರ್ಧವಾರ್ಷಿಕ ಪರೀಕ್ಷೆಯ ಹೊತ್ತಿಗೆ ಅವಳು ಅಡಿಕೆ ಚೀಲಗಳ ತೂಕ ಕೊಟ್ಟರೆ ಖಾಲಿ ಚೀಲದ ತೂಕ ಕಳೆದು, ಕ್ವಿಂಟಾಲ್ ದರದಲ್ಲಿ ಹಣ ಹೇಳುವ ಪ್ರೋಗ್ರಾಮ್ ಬರೆದಿದ್ದಳು. ತಂದೆ ಅದನ್ನು ತಮ್ಮ ಲೆಕ್ಕದ ಪುಸ್ತಕದೊಂದಿಗೆ ಹೋಲಿಸಿ ನೋಡುತ್ತಾರೆ, ಪೂರ್ತಿ ನಂಬಿಕೆ ಇನ್ನೂ ಬಂದಿಲ್ಲ. ಅಣ್ಣ ಈಗಲೂ ಜಾವಾ ಪಕ್ಷವೇ. ಆರನೇ ತರಗತಿಯ ತಮ್ಮನಿಗೂ ಪೈಥಾನ್ ಹಚ್ಚಬಹುದೇ ಎಂದು ತಂದೆ ಕೇಳಿದ್ದಾರೆ. ಅವನಿಗೆ ಸದ್ಯ ಸ್ಕ್ರ್ಯಾಚ್ (ಬಣ್ಣದ ತುಣುಕುಗಳನ್ನು ಜೋಡಿಸಿ ಪ್ರೋಗ್ರಾಮ್ ಮಾಡುವ ಮಕ್ಕಳ ಭಾಷೆ) ಸಾಕು ಎಂದಿದ್ದೇನೆ.